ಗಲ್ಲಾದ ಹಿಂದಿನ ಕಾಗದ: ನಮ್ಮೂರ ಹೋಟ್ಲು ತಪಾಸಣೆಯ ಕಥೆ

(1)

ಫೋಟೊ ಝೂಮ್ ಮಾಡಿ ನೋಡ್ರಿ. ಎಡಕ್ಕೆ ಲಕ್ಷ್ಮಿ, ಬಲಕ್ಕೆ ಕೊಟ್ಟೂರೇಶ್ವರ, ನಡುವೆ ಎಣ್ಣೆ ಹೊಗೆಗೆ ಹಳದಿ ತಿರುಗಿದ ಒಂದು ಕಾಗದ. ಹೆಸರು, ನಂಬರ್ ನಾನೇ ಮಸುಕು ಮಾಡೀನಿ. ಈ ಪೋಸ್ಟ್ ಆ ಹೋಟ್ಲಿನ ಬಗ್ಗೆ ಅಲ್ಲ, ಆ ಕಾಗದದ ಬಗ್ಗೆ.

ಹೋದ ವರ್ಷ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಒಂದು ರೀಲ್ ಓಡಾಡಿದ್ದು ನೆನಪಿದೆಯಾ? ಪಲ್ಯದಲ್ಲಿ ಜಿರಳೆ, ಹಿನ್ನೆಲೆಯಲ್ಲಿ ಹಾರರ್ ಮ್ಯೂಸಿಕ್, ಕೆಳಗೆ ಹರಪನಹಳ್ಳಿಯ ಒಂದು ಹೋಟ್ಲಿನ ಹೆಸರು. ನಾನೂ ಸ್ಟೇಟಸ್‌ಗೆ ಹಾಕಿದ್ದೆ, ಸುಳ್ಳು ಯಾಕೆ ಹೇಳ್ಲಿ. ಒಂದು ವಾರ ಆ ಹೋಟ್ಲು ಖಾಲಿ ಖಾಲಿ. ಅಲ್ಲಿ ಪ್ಲೇಟ್ ತೊಳೆಯೋ ಅಕ್ಕ ನಮ್ಮ ಓಣಿಯವರು. ಗಿರಾಕಿ ಇಲ್ಲ, ಬರಬ್ಯಾಡ ಅಂದ್ರಂತ, ಆ ವಾರ ಮನೇಲೇ ಇದ್ರು. ಎರಡನೇ ವಾರಕ್ಕೆ ಜನ ಮರೆತ್ರು, ಹೋಟ್ಲು ಮತ್ತೆ ತುಂಬ್ತು.

ಆಮೇಲೆ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ. ಯಾರಾದ್ರೂ ದೂರು ಕೊಟ್ರಾ? ಯಾರೂ ಕೊಟ್ಟಿಲ್ಲ. ಯಾರಿಗೆ ಕೊಡಬೇಕು ಅಂತಾದ್ರೂ ಗೊತ್ತಾ? ಒಬ್ಬ "ಪುರಸಭೆ" ಅಂದ, ಇನ್ನೊಬ್ಬ "ದಾವಣಗೆರೆ" ಅಂದ, ಮತ್ತೊಬ್ಬಳು "ಬಳ್ಳಾರಿ ಇರಬೇಕು" ಅಂದ್ಲು. ಹೋಟ್ಲು ಚೊಕ್ಕ ಇತ್ತೋ ಕೊಳಕಿತ್ತೋ ಅನ್ನೋದಕ್ಕೆ ನಮ್ಮ ಹತ್ರ ಇದ್ದ ದಾಖಲೆ ಆ ಹದಿನೈದು ಸೆಕೆಂಡಿನ ವಿಡಿಯೊ ಒಂದೇ.

ಹಿಸ್ಟರಿ ಓದೋ ಹುಡುಗ ನಾನು, ಹುಡುಕೋಣ ಅಂತ ಕೂತೆ. ಊರ ಹೋಟ್ಲು ಚೊಕ್ಕ ಇದೆ ಅಂತ ಬರೆದಿಡೋ ಕೆಲಸ ಯಾವಾಗಿಂದ ಶುರುವಾಯ್ತು? ಯಾರು ಬರೀತಿದ್ರು? ಅದು ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ?

(2)

ಹರಪನಹಳ್ಳಿ ಪಾಳೇಗಾರರ ಕಾಲ ಬಿಡೋಣ. 1800ರಲ್ಲಿ ನಿಜಾಮ ಬಳ್ಳಾರಿ ಕಡೆಯ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ನಮ್ಮೂರು ಮದ್ರಾಸ್ ಪ್ರಾಂತ್ಯದ ಲೆಕ್ಕಕ್ಕೆ ಬಂತು. 1860ರಲ್ಲಿ ಭಾರತೀಯ ದಂಡ ಸಂಹಿತೆ, ಅಂದ್ರೆ ಐಪಿಸಿ ಬಂತು. ಅದರ 272, 273ನೇ ಸೆಕ್ಷನ್ ಆಹಾರದ ಬಗ್ಗೆ: ಮಾರೋ ಪದಾರ್ಥಕ್ಕೆ ಏನಾದ್ರೂ ಬೆರೆಸಿ ಹಾನಿಕರ ಮಾಡಿದ್ರೆ ಆರು ತಿಂಗಳ ತನಕ ಜೈಲು, ಇಲ್ಲಾ 1000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. 1860ರ 1000 ರೂಪಾಯಿ ಅಂದ್ರೆ ಹೊಲ ಮಾರಬೇಕಾಗಿತ್ತು ಬಿಡ್ರಿ.

ಆದ್ರೆ ಇಲ್ಲೊಂದು ತಮಾಷೆ ಇದೆ. ಬೆರಕೆ ಮಾಡಿದ್ರೆ ಸಾಲದು, ಅದು ದೇಹಕ್ಕೆ 'ಹಾನಿಕರ' ಅಂತ ಸಾಬೀತಾಗಬೇಕು. ಹಾಲಿಗೆ ನೀರು ಹಾಕಿದ್ರೆ? ಅದರಿಂದ ಮೋಸ ಆಗುತ್ತೆ ನಿಜ, ಆದ್ರೆ ಚೊಕ್ಕ ನೀರು ವಿಷ ಅಲ್ಲವಲ್ಲ! ತುಪ್ಪಕ್ಕೆ ಬೇರೆ ಕೊಬ್ಬು ಬೆರೆಸಿದ್ರೆ? ತಿಂದವನು ಸಾಯಲ್ಲ. ಹೀಗೆ ದಿನಾ ನಡೆಯೋ ಮೋಸವೆಲ್ಲ ಕಾನೂನಿನ ಜರಡಿಯಿಂದ ಸೋರಿ ಹೋಗ್ತಿತ್ತು.

ಅದಕ್ಕೇ ಒಂದೊಂದು ಪ್ರಾಂತ್ಯವೂ ತನ್ನದೇ ಕಲಬೆರಕೆ ಕಾಯ್ದೆ ಮಾಡಿಕೊಳ್ತು. ಮದ್ರಾಸಿನದು 1918ರಲ್ಲಿ. ಆಗ 'ಹಾನಿ'ಯ ಪ್ರಶ್ನೆಯನ್ನ ಪಕ್ಕಕ್ಕಿಟ್ಟು, ಹಾಲು ಅಂದ್ರೆ ಹಾಲಿನಂಗೆ ಇರಬೇಕು, ತುಪ್ಪ ಅಂದ್ರೆ ತುಪ್ಪದಂಗೆ ಇರಬೇಕು ಅನ್ನೋ ಲೆಕ್ಕ ಬಂತು. ಪ್ರಾಂತ್ಯದ ಮಾದರಿಗಳನ್ನ ಪರೀಕ್ಷೆ ಮಾಡ್ತಿದ್ದ ಸರ್ಕಾರಿ ವಿಶ್ಲೇಷಕರ ಪ್ರಯೋಗಾಲಯ ಇದ್ದದ್ದು ಮದ್ರಾಸಿನ ಗಿಂಡಿಯಲ್ಲಿ, ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಇಲ್ಲಿಂದ ಮದ್ರಾಸು ಎಷ್ಟು ದೂರ ಅಂತ ಮ್ಯಾಪ್ ನೋಡ್ರಿ, ಬಸ್ಸಿಲ್ಲದ ಕಾಲದಲ್ಲಿ.

(3)

ಎರಡನೇ ಫೋಟೊ ಕೊಟ್ಟೂರು ತೇರಿನ ದಿನದ್ದು. ಎಷ್ಟು ಜನ, ಎಷ್ಟು ಮಿಠಾಯಿ ಅಂಗಡಿ ನೋಡ್ರಿ!

ನಮ್ಮ ಕಡೆ ಹಳೇ ಕಾಲದಲ್ಲಿ ಜನ ಮನೆ ಬಿಟ್ಟು ಹೊರಗೆ ಉಣ್ಣುತ್ತಿದ್ದದ್ದೇ ಜಾತ್ರೆ, ಸಂತೆಯಲ್ಲಿ. ಕೊಟ್ಟೂರು, ಮೈಲಾರ, ಉಚ್ಚಂಗಿದುರ್ಗ. ಬುತ್ತಿ ಕಟ್ಟಿಕೊಂಡು ಬಂದ್ರೂ ನೀರು ಅಲ್ಲಿಯದೇ, ಬೆಂಡು ಬತ್ತಾಸು ಅಲ್ಲಿಯದೇ. ಕಾಲರಾಕ್ಕೆ ಅಷ್ಟೇ ಸಾಕು. ಜಾತ್ರೆ ಮುಗಿಸಿ ಗಾಡಿ ಊರಿಗೆ ಹೋಗೋದ್ರೊಳಗೆ ರೋಗವೂ ಗಾಡಿ ಹತ್ತಿರುತ್ತಿತ್ತು. ಅದಕ್ಕೇ ಬ್ರಿಟಿಷರ ಕಾಲದಲ್ಲಿ ಆಹಾರ ತಪಾಸಣೆ ಅಂದ್ರೆ ಬಹಳಮಟ್ಟಿಗೆ ಕಾಲರಾ ತಡೆಯೋ ಕೆಲಸವೇ.

1939ರಲ್ಲಿ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂತು. ದೇಶದಲ್ಲಿ ಇಂಥ ಸಮಗ್ರ ಆರೋಗ್ಯ ಕಾಯ್ದೆ ಮೊದಲು ಮಾಡಿದ್ದು ಮದ್ರಾಸು. ನೀರು, ಚರಂಡಿ, ಅಂಟುರೋಗ, ವಸತಿಗೃಹ, ಆಹಾರ ನಿಯಂತ್ರಣ, ಕೊನೆಗೆ ಜಾತ್ರೆ ಉತ್ಸವಗಳಿಗೂ ಅದರಲ್ಲಿ ಜಾಗ ಇತ್ತು. ಅಂಟುರೋಗ ಇದ್ದವರು ಆಹಾರ ಮಾಡೋ, ಮಾರೋ ಕೆಲಸಕ್ಕೆ ನಿಲ್ಲಬಾರದು ಅನ್ನೋ ಮಾತು ಕಾನೂನಿಗೆ ಬಂತು. ನನಗೆ ಇದು ದೊಡ್ಡ ತಿರುವು ಅನ್ಸುತ್ತೆ. ಅಲ್ಲಿ ತನಕ ಕಾನೂನು ತುಪ್ಪದ ಡಬ್ಬಿ ನೋಡ್ತಿತ್ತು, ಈಗ ತುಪ್ಪ ಬಡಿಸೋ ಕೈಯನ್ನೂ ನೋಡೋಕೆ ಶುರು ಮಾಡ್ತು.

(4)

1953 ಅಕ್ಟೋಬರ್ 1. ಆಂಧ್ರ ರಾಜ್ಯ ಹುಟ್ಟಿದ ದಿನ. ಅವತ್ತೇ ಬಳ್ಳಾರಿ ಜಿಲ್ಲೆಯಲ್ಲಿ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋಗಿ, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ನಾವೂ ಬಂದ್ವಿ. ಮುಂದಿನ ವರ್ಷವೇ ಇಡೀ ದೇಶಕ್ಕೆ ಒಂದೇ ಕಾಯ್ದೆ ಆಯ್ತು: ಆಹಾರ ಕಲಬೆರಕೆ ತಡೆ ಕಾಯ್ದೆ, 1954. ಜಾರಿಗೆ ಬಂದಿದ್ದು 1955ರ ಜೂನ್ 1ಕ್ಕೆ.

ನಮ್ಮ ಅಜ್ಜಂದಿರು "ಫುಡ್ ಇನ್‌ಸ್ಪೆಕ್ಟರ್ ಬಂದಾನ!" ಅಂತ ಹೇಳ್ತಿದ್ದದ್ದು ಈ ಕಾಯ್ದೆಯ ಮನುಷ್ಯನ ಬಗ್ಗೆ. ಕೆಲಸ ಹೇಗೆ ನಡೀತಿತ್ತು ಅಂದ್ರೆ, ಅವರು ಅಂಗಡಿಗೆ ಬಂದು ಮಾದರಿಗೆ ಬೇಕಾದಷ್ಟು ಎಣ್ಣೆನೋ ಬೇಳೆನೋ ದುಡ್ಡು ಕೊಟ್ಟೇ ತಗೋಬೇಕು. ಸಾಕ್ಷಿ ಎದುರಿಗೆ ಅದನ್ನ ಮೂರು ಭಾಗ ಮಾಡಿ, ಸೀಲ್ ಮಾಡಬೇಕು. ಒಂದು ಅಂಗಡಿಯವನ ಕೈಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ಇನ್‌ಸ್ಪೆಕ್ಟರ್ ಹತ್ರ. ನಾಳೆ ಕೋರ್ಟಿನಲ್ಲಿ "ಇವ್ರೇ ಬೆರೆಸ್ಯಾರ" ಅಂತ ಯಾರೂ ಅನ್ನಬಾರದು ಅಂತ ಈ ಏರ್ಪಾಡು. 1976ರಲ್ಲಿ ತಿದ್ದುಪಡಿಯಾಗಿ ಇನ್ನೂ ಬಿಗಿ ಆಯ್ತು.

ಹುಡುಕ್ತಿದ್ದದ್ದು ಏನು? ಹಾಲಿನಲ್ಲಿ ನೀರು, ತೊಗರಿಬೇಳೆಯಲ್ಲಿ ಕೇಸರಿ ಬೇಳೆ, ಖಾರದಪುಡಿಯಲ್ಲಿ ಬಣ್ಣ, ಟೀ ಪುಡಿಯಲ್ಲಿ ಬಳಸಿ ಒಣಗಿಸಿದ ಪುಡಿ. ಎಲ್ಲವೂ ಬಾಟ್ಲಿಗೆ ತುಂಬಬಹುದಾದ ತಪ್ಪುಗಳು. ಹೋಟ್ಲಿನ ಹಿಂದೆ ಒಂದೇ ಬಕೆಟ್ ನೀರಲ್ಲಿ ನೂರು ಪ್ಲೇಟ್ ಅದ್ದೋದನ್ನ ಬಾಟ್ಲಿಗೆ ಹೆಂಗೆ ತುಂಬ್ತೀರಿ? ಸ್ವಚ್ಛತೆಯ ಉಸಾಬರಿ ಪುರಸಭೆಯ ಉದ್ದಿಮೆ ಪರವಾನಗಿಯವರದ್ದು. ಕಲಬೆರಕೆ ಆರೋಗ್ಯ ಇಲಾಖೆಯವರದ್ದು. ಎಣ್ಣೆ ಪಾಸಾಗಿ ಅಡುಗೆಮನೆ ಗಬ್ಬು ನಾರ್ತಿದ್ರೆ, ಆ ಫೈಲು ಇವರದ್ದಲ್ಲ, ಈ ಫೈಲು ಅವರದ್ದಲ್ಲ.

ಫೈಲು ಯಾರದ್ದೇ ಇರ್ಲಿ, ಉಣ್ಣೋಕೆ ಬಂದವನಿಗಂತೂ ಅದು ಕಾಣ್ತಿರಲಿಲ್ಲ. ಕೇಸಾದ್ರೆ ಪೇಪರಿನಲ್ಲಿ ಎರಡು ಸಾಲು, ಅಷ್ಟೇ. ಖರೀದಿ ಮಾಡಿದ ಯಾರು ಬೇಕಾದ್ರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು ಅಂತ 12ನೇ ಸೆಕ್ಷನ್ ಇತ್ತು. ನಮ್ಮ ತಾತ, ಮುತ್ತಾತನ ಕಾಲದಲ್ಲಿ ಯಾರಾದ್ರೂ ಇಡ್ಲಿ ಕಟ್ಟಿಸ್ಕೊಂಡು ಪ್ರಯೋಗಾಲಯಕ್ಕೆ ಹೋದ್ರು ಅಂತ ನಾನಂತೂ ಕೇಳಿಲ್ಲ. ಕೇಳಿದ್ರೆ ಕಾಮೆಂಟಲ್ಲಿ ಹೇಳ್ರಿ.

(5)

ಕಾನೂನಿಗೆ ಕಾಣದ ಅಡುಗೆಮನೆಯನ್ನ ಗಿರಾಕಿಗೇ ತೋರಿಸಿದ ಒಬ್ರು ಇದ್ದಾರೆ. ಅವರಿಗೋಸ್ಕರ ಒಂದು ಸಣ್ಣ ಪೋಸ್ಟ್, ಊರು ಬಿಟ್ಟು ಬೆಂಗಳೂರಿಗೆ.

1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ ಹೋಟ್ಲು ಮುಂದೆ ಎಂಟಿಆರ್ ಆಯ್ತು. ಅವರಲ್ಲಿ ಯಜ್ಞನಾರಾಯಣ ಮಯ್ಯ 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟ್ಲುಗಳನ್ನ ನೋಡಿ ಬಂದ್ರು. ತಿರುಗಿ ಬಂದವರು ಪಾತ್ರೆ, ಲೋಟಗಳನ್ನ ಹಬೆಯಲ್ಲಿ ಶುದ್ಧ ಮಾಡೋ ಪದ್ಧತಿ ತಂದ್ರು. ಊಟಕ್ಕೆ ಬಂದವರು ಅಡುಗೆಮನೆ ಹಾದುಕೊಂಡೇ ಒಳಗೆ ಹೋಗಬೇಕಾದಂಥ ವ್ಯವಸ್ಥೆ ಮಾಡಿದ್ರು. ಯಾವ ಇನ್‌ಸ್ಪೆಕ್ಟರೂ ಹೇಳಿರಲಿಲ್ಲ. ಗಿರಾಕಿಯೇ ದಿನಾ ತಪಾಸಣೆ ಮಾಡ್ಲಿ ಅಂತ ಬಾಗಿಲು ತೆಗೆದಿಟ್ರು.

ನಮ್ಮೂರ ಮಿರ್ಚಿ ಗಾಡಿಯೂ ಹಂಗೇ ಅಲ್ವಾ? ಬಾಣಲೆ ಎದುರಿಗೇ, ಹಿಟ್ಟು ಎದುರಿಗೇ, ಎಣ್ಣೆ ಕಪ್ಪಾಗಿದ್ರೂ ಎದುರಿಗೇ. ಮುಚ್ಚಿಡೋಕೆ ಗೋಡೆಯೇ ಇಲ್ಲ.

(6)

ಈಗ ಕ್ಲಾಸಿನಲ್ಲಿ ಬಂದ ಮೂರು ಉತ್ತರಕ್ಕೆ ವಾಪಸ್ ಬರೋಣ: ಪುರಸಭೆ, ದಾವಣಗೆರೆ, ಬಳ್ಳಾರಿ. ನಗಬ್ಯಾಡ್ರಿ, ಮೂರೂ ಒಂದೊಂದು ಕಾಲಕ್ಕೆ ನಿಜವೇ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯ್ತು, ಹರಪನಹಳ್ಳಿ ಬಳ್ಳಾರಿ ಬಿಟ್ಟು ಅಲ್ಲಿಗೆ ಹೋಯ್ತು. ನಮ್ಮ ಅಪ್ಪ ಅಮ್ಮಂದಿರಿಗೆ ಖುಷಿ, ಯಾಕಂದ್ರೆ ದಾವಣಗೆರೆ ಹತ್ರ, ಬಳ್ಳಾರಿ ನೂರು ಕಿಲೋಮೀಟರಿಗಿಂತ ಆಚೆ. ಆದ್ರೆ 371ಜೆ ಬಂದಾಗ ಬಳ್ಳಾರಿ ಜಿಲ್ಲೆಗೆ ಮೀಸಲಾತಿ, ವಿಶೇಷ ಅನುದಾನ ಸಿಕ್ತು, ನಾವು ಹೊರಗೆ ಉಳಿದ್ವಿ. ಹೋರಾಟ ಆಯ್ತು. 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂತು. ಅಲ್ಲಿ ಚೆನ್ನಾಗಿ ಕೂರೋದ್ರೊಳಗೆ 2021ರ ಫೆಬ್ರುವರಿಯಲ್ಲಿ ವಿಜಯನಗರ ಜಿಲ್ಲೆಯ ಅಧಿಸೂಚನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಜೊತೆ ನಾವೂ ಹೊಸಪೇಟೆ ಕಡೆಗೆ.

371ಜೆ ನಮಗೆಷ್ಟು ದೊಡ್ಡದು ಅಂತ ಪಿಯುಸಿ ಮುಗಿಸಿ ಸೀಟಿಗೆ ಅಲೆದವರಿಗೆ ಹೇಳಬೇಕಾಗಿಲ್ಲ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಇಪ್ಪತ್ನಾಲ್ಕು ವರ್ಷದಲ್ಲಿ ಮೂರು ಸಲ ಜಿಲ್ಲಾ ಕಚೇರಿ ಬದಲಾದ್ರೆ, ಒಂದು ಹೋಟ್ಲಿಗೆ ಯಾವಾಗ ಯಾರು ಬಂದು ಏನು ಬರೆದ್ರು ಅನ್ನೋದನ್ನ ಹುಡುಕೋನು ಯಾವ ಊರಿನ ಬಸ್ಸು ಹತ್ತಬೇಕು? ತಟ್ಟೆ ಅದೇ, ಒಗ್ಗರಣೆ ಮಂಡಕ್ಕಿ ಅದೇ. ತಪಾಸಣೆಯ ವಿಳಾಸ ಮಾತ್ರ ಮದ್ರಾಸು, ಮೈಸೂರು, ದಾವಣಗೆರೆ, ಬಳ್ಳಾರಿ, ಹೊಸಪೇಟೆ.

(7)

ಈ ಪೋಸ್ಟ್ ಸೇವ್ ಮಾಡ್ಕೊಳ್ರಿ, ಕೆಲಸಕ್ಕೆ ಬರುತ್ತೆ.

1954ರ ಕಾಯ್ದೆ 2011ರ ಆಗಸ್ಟ್ 5ಕ್ಕೆ ಹೋಯ್ತು. ಅದರ ಜಾಗಕ್ಕೆ ಬಂದದ್ದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006. ಪಾಸಾಗಿ ಐದು ವರ್ಷದ ಮೇಲೆ ಜಾರಿ! ಫುಡ್ ಇನ್‌ಸ್ಪೆಕ್ಟರ್ ಹೋಗಿ ಆಹಾರ ಸುರಕ್ಷತಾಧಿಕಾರಿ ಬಂದ್ರು, ಅವರ ಮೇಲೆ ಜಿಲ್ಲೆಗೆ ಅಂಕಿತಾಧಿಕಾರಿ. ಮಾದರಿ ಮೂರರ ಬದಲು ನಾಲ್ಕು ಭಾಗ ಆಯ್ತು, ನಾಲ್ಕನೇದು ಅಂಗಡಿಯವನು ಕೇಳಿದ್ರೆ ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಮುಖ್ಯ ಅಂದ್ರೆ, ಅಡುಗೆಮನೆ ಕೊನೆಗೂ ಕಾನೂನಿನೊಳಗೆ ಬಂತು. ನೀರು, ಗೋಡೆ, ಕಸದ ಡಬ್ಬಿ, ಕೆಲಸದವರ ಉಗುರು ತನಕ ಷರತ್ತು ಬರೆದಿಟ್ರು. ಕೊಳಕಿದ್ರೆ ಮೊದಲು ಸುಧಾರಣೆ ನೋಟಿಸ್, ಸರಿ ಮಾಡ್ಕೊಳ್ಳೋಕೆ ಕನಿಷ್ಠ 14 ದಿನ. ಮಾಡದಿದ್ರೆ ಲೈಸೆನ್ಸ್ ಅಮಾನತು, ಆಮೇಲೆ ರದ್ದು.

ಗೋಡೆ ಮೇಲಿನ ಆ 14 ಅಂಕಿ ಓದೋದು ಹೀಗೆ. ಮೊದಲ ಅಂಕಿ 1 ಇದ್ರೆ ಲೈಸೆನ್ಸ್, 2 ಇದ್ರೆ ಬರೀ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯ, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು, ನಂಬರ್ ಕೊಟ್ಟ ವರ್ಷ. ಅಂದ್ರೆ 21219 ಅಂತ ಶುರುವಾದ್ರೆ ಕರ್ನಾಟಕದ ನೋಂದಣಿ, 2019ರದ್ದು. 2022ರ ಜನವರಿ 1ರಿಂದ ಈ ನಂಬರ್ ಬಿಲ್ಲಿನ ಮೇಲೂ ಇರಬೇಕು.

ಲೈಸೆನ್ಸಿಗೂ ನೋಂದಣಿಗೂ ಏನು ವ್ಯತ್ಯಾಸ? 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇದ್ದವರಿಗೆ ನೋಂದಣಿ, ಮೇಲಿದ್ರೆ ಲೈಸೆನ್ಸ್. ತಳ್ಳುಗಾಡಿ, ಜಾತ್ರೆಯ ಅಂಗಡಿ ಎಲ್ಲ ನೋಂದಣಿಯಲ್ಲಿ ಬರುತ್ವೆ. ನಾನು ಬಹಳ ತಡವಾಗಿ ತಿಳ್ಕೊಂಡ ವಿಷಯ ಒಂದಿದೆ: ನೋಂದಣಿ ಕೊಡೋ ಮುಂಚೆ ಯಾರಾದ್ರೂ ಬಂದು ಒಲೆ, ಪಾತ್ರೆ ನೋಡಲೇಬೇಕು ಅಂತೇನಿಲ್ಲ. ಅರ್ಜಿ ಹಾಕಿ ಏಳು ದಿನದೊಳಗೆ ಆಕ್ಷೇಪಣೆನೂ ಇಲ್ಲ, ತಪಾಸಣೆ ನೋಟಿಸೂ ಇಲ್ಲ ಅಂದ್ರೆ ವ್ಯಾಪಾರ ಶುರು ಮಾಡಬಹುದಿತ್ತು. ಅಂದ್ರೆ ಗಲ್ಲಾದ ಹಿಂದಿನ ಆ ಕಾಗದ "ಈ ಹೋಟ್ಲು ಚೊಕ್ಕ ಇದೆ" ಅಂತ ಹೇಳ್ತಿಲ್ಲ. "ಇಂಥದೊಂದು ಅಂಗಡಿ ಇದೆ ಅಂತ ಸರ್ಕಾರಕ್ಕೆ ಗೊತ್ತು" ಅಂತ ಹೇಳ್ತಿದೆ, ಅಷ್ಟೇ. ಚೊಕ್ಕ ಇದೆಯೋ ಇಲ್ಲವೋ ಅನ್ನೋದು ತಪಾಸಣಾ ವರದಿಯಲ್ಲಿ ಇರುತ್ತೆ. ಅದನ್ನ ಯಾರೂ ಗೋಡೆಗೆ ನೇತು ಹಾಕಲ್ಲ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1997ರಲ್ಲಿ ಒಂದು ಟಿವಿ ಚಾನೆಲ್ ಕದ್ದು ಕ್ಯಾಮೆರಾ ಇಟ್ಟು ಹೋಟ್ಲುಗಳ ಅಡುಗೆಮನೆ ತೋರಿಸ್ತು. ಅವರದ್ದೂ ಒಂಥರಾ ರೀಲೇ. ಆದ್ರೆ ಅಲ್ಲಿ ಅದು ಸ್ಟೇಟಸ್‌ಗೆ ನಿಲ್ಲಲಿಲ್ಲ. 1998ರಲ್ಲಿ ಎ, ಬಿ, ಸಿ ಅಂತ ತಪಾಸಣೆಯ ಗ್ರೇಡು ಹೋಟ್ಲಿನ ಕಿಟಕಿಗೇ ಬಂತು. ನಮ್ಮಲ್ಲಿಯೂ ಒಂದರಿಂದ ಐದರ ತನಕ ಸ್ವಚ್ಛತೆಯ ರೇಟಿಂಗ್ ಇದೆ, ಆದ್ರೆ ಹೋಟ್ಲಿನವರೇ ಮುಂದೆ ಬಂದು ಆಡಿಟ್ ಮಾಡಿಸ್ಕೋಬೇಕು. ಚೊಕ್ಕ ಇರೋರು ಮಾಡಿಸ್ಕೊಳ್ತಾರೆ. ಕೊಳಕಿರೋರು ಯಾಕೆ ಮಾಡಿಸ್ಕೊಳ್ತಾರೆ ಹೇಳ್ರಿ?

(8)

2024ರ ಮಾರ್ಚ್ 11. ಈ ದಿನ ನಮಗೆಲ್ಲ ನೆನಪಿದೆ, ಯಾಕಂದ್ರೆ ನಮ್ಮ ಗೋಬಿ ಕೆಂಪು ಹೋಯ್ತು 😅

ರಾಜ್ಯದಲ್ಲಿ ಗೋಬಿ ಮಂಚೂರಿಯ 171 ಮಾದರಿ ತಗೊಂಡಿದ್ರು, 107ರಲ್ಲಿ ಹಾಕಬಾರದ ಕೃತಕ ಬಣ್ಣ. ಬಾಂಬೆ ಮಿಠಾಯಿಯ 25 ಮಾದರಿಯಲ್ಲಿ 15. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಬಣ್ಣ ನಿಷೇಧ ಪ್ರಕಟಿಸಿದ್ರು. ಜೂನಿನಲ್ಲಿ ಕಬಾಬ್ ಸರದಿ: 39ರಲ್ಲಿ 8. ಮುಂದಿನ ವರ್ಷ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸೋದು ಸಿಕ್ಕಿಬಿತ್ತು.

ರೋಡಮೈನ್-ಬಿ ಅಂತ ಎಲ್ಲರೂ ಹೆಸರು ಹೇಳ್ತಾರೆ. ಅದು ಬಟ್ಟೆ, ಕಾಗದಕ್ಕೆ ಹಾಕೋ ಬಣ್ಣ, ಆಹಾರಕ್ಕೆ ಯಾವತ್ತೂ ಹಾಕೋ ಹಂಗಿಲ್ಲ. ಅದು ಸಿಕ್ಕಿದ್ದು ಮಿಠಾಯಿಯಲ್ಲಿ. ಗೋಬಿಯಲ್ಲಿ ಸಿಕ್ಕ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಬೇರೆ ಜಾತಿ: ಕೆಲವು ಸಿಹಿ ತಿಂಡಿಗೆ ಮಿತಿಯೊಳಗೆ ಹಾಕಬಹುದು, ಗೋಬಿಗೆ ಹಾಕೋ ಹಂಗಿಲ್ಲ. ನನ್ನ ಪ್ರಶ್ನೆ ಆ ಡಬ್ಬಿ ಮಾರಿದವನ ಬಗ್ಗೆ. ಗಾಡಿಯವನು ಅದನ್ನ ಕಿರಾಣಿಯಲ್ಲಿ ಕೇಳಿ ತಂದಿರ್ತಾನೆ, ಡಬ್ಬಿಯ ಮೇಲಿನ ಸಣ್ಣಕ್ಷರದ ಇಂಗ್ಲಿಷು ಅವನು ಓದಲ್ಲ. ಟಿವಿಯಲ್ಲಿ ಬರೋದು ಗಾಡಿ ಮಾತ್ರ. ಹೊಳೆ ದಾಟಿದ್ರೆ ಹಾವೇರಿ ಜಿಲ್ಲೆ, ಬ್ಯಾಡಗಿ ಮೆಣಸಿನಕಾಯಿ ಸೀಮೆ. ಕೆಂಪಿಗೇ ಹೆಸರಾದ ಕಾಯಿ. ಅದನ್ನ ಬಿಟ್ಟು ಡಬ್ಬಿ ಕೆಂಪು ಬೇಕಾಗಿದ್ದು ಯಾರಿಗೆ? ಫೋಟೊಗೆ ಚೆನ್ನಾಗಿ ಬರ್ಲಿ ಅಂತ ಇನ್ನೂ ಕೆಂಪು ಕೇಳಿದವರು ನಾವೇ ಅಲ್ವಾ?

ಮಿರ್ಚಿಗೆ ಬಣ್ಣ ಬೇಕಿಲ್ಲ, ಅದರ ರೋಗ ಎಣ್ಣೆ. ಒಂದೇ ಎಣ್ಣೆ ಮತ್ತೆ ಮತ್ತೆ ಕಾಯಿಸಿದ್ರೆ ಕೆಡುತ್ತೆ. ಅದನ್ನ ಅಳೆಯೋಕೆ 2018ರ ಜುಲೈ 1ರಿಂದ ಒಂದು ಮಿತಿ ಇದೆ: ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು ಶೇ 25 ದಾಟಿದ್ರೆ ಚೆಲ್ಲಬೇಕು, ಬಳಸಬಾರದು. ಎಣ್ಣೆಯ ರೇಟು ನೋಡಿದ ಗಾಡಿಯವನಿಗೆ ಚೆಲ್ಲು ಅನ್ನೋದು ಸುಲಭ ಅಲ್ಲ. ಸುಲಭ ಅಲ್ಲ ಅಂತ ನಮ್ಮ ಹೊಟ್ಟೆಗೆ ಗೊತ್ತಾಗಲ್ಲವಲ್ಲ, ಅದೂ ನಿಜ.

(9)

ಕೊನೇ ಫೋಟೊ ನಮ್ಮ ಕಾಕನದು. ಬಸ್ ಸ್ಟ್ಯಾಂಡ್ ಕಡೆ ಮಿರ್ಚಿ ಮಂಡಕ್ಕಿ ಗಾಡಿ, ನಿಮ್ಮಲ್ಲಿ ಅರ್ಧ ಜನ ತಿಂದೀರಿ.

ಇಷ್ಟೆಲ್ಲ ಓದಿಕೊಂಡು ಜಂಬದಲ್ಲಿ ಹೋಗಿ "ಕಾಕ, ನಿಂದು ನಂಬರ್ ಎಲ್ಲೈತಿ?" ಅಂತ ಕೇಳಿದೆ. "ಅದೆಲ್ಲ ಐತಪಾ, ಮನ್ಯಾಗ ಟ್ರಂಕಿನಾಗ ಐತಿ" ಅಂದ್ರು. ಚಿಕ್ಕಮ್ಮ ಹುಡುಕಿ ತೆಗೆದ್ರು, ಮದುವೆ ಫೋಟೊ ಮತ್ತೆ ರೇಷನ್ ಕಾರ್ಡಿನ ಜೆರಾಕ್ಸ್ ನಡುವೆ. 212 ಅಂತ ಶುರು. ಅವಧಿ ಮುಗಿದು ಎಂಟು ತಿಂಗಳಾಗಿತ್ತು.

ಅಂದ್ರೆ ನಾನು ಆ ಹೋಟ್ಲಿನ ರೀಲ್ ಶೇರ್ ಮಾಡಿದಾಗ, ನಮ್ಮ ಮನೆಯ ಗಾಡಿಗೇ ಕಾಗದ ಇರಲಿಲ್ಲ. ಯಾರಾದ್ರೂ ನಮ್ಮ ಬಾಣಲೆಯ ಮೇಲೆ ಹದಿನೈದು ಸೆಕೆಂಡು ಕ್ಯಾಮೆರಾ ಹಿಡಿದಿದ್ರೆ? ಕಾಕ ಎಣ್ಣೆ ಚೆಲ್ತಾರೆ ಅಂತ ನನಗೆ ಗೊತ್ತು, ನಾನೇ ಎಷ್ಟೋ ಸಲ ಚೆಲ್ಲಿ ಬಂದೀನಿ. ಆದ್ರೆ ಅದು ಎಲ್ಲೂ ಬರೆದಿಲ್ಲ.

ಸೈಬರ್ ಸೆಂಟರಿಗೆ ಹೋದ್ವಿ. ತಡ ಆಗಿದ್ದಕ್ಕೆ ನವೀಕರಣ ಆಗಲ್ಲ, ಫಾಸ್ಕಾಸ್ ಸೈಟಿನಲ್ಲಿ ಹೊಸದಾಗೇ ಅರ್ಜಿ ಹಾಕಬೇಕು ಅಂದ್ರು. ಹಾಕಿದ್ವಿ. ಕಾಕ ಹೊರಗೆ ಬಂದು "ಈ ಕಾಗದ ನೋಡಿ ಯಾರು ಮಿರ್ಚಿ ತಿಂತಾರೋ ಮಾರಾಯ" ಅಂತ ನಕ್ರು.

ಪ್ಲೇಟ್ ತೊಳೆಯೋ ಅಕ್ಕನ ಮನೆಗೂ ಹೋಗಿದ್ದೆ. ಆ ರೀಲ್ ನಾನೂ ಹಾಕಿದ್ದೆ ಅಂತ ಹೇಳಿದೆ. "ನಂಗ ಗೊತ್ತೈತಿ, ನಮ್ಮ ಹುಡುಗಿ ತೋರಿಸಿದ್ಲು" ಅಂದ್ರು. ಜಿರಳೆ ನಿಜಾನಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅವತ್ತು ನಾ ಬಚ್ಚಲದಾಗಿದ್ದೆ, ಪ್ಲೇಟು ತೊಳೀತಿದ್ದೆ. ಅಡುಗೀ ಒಲಿ ಕಡೀಗ ನಮ್ಮನ್ನ ಬಿಡೂದಿಲ್ಲ" ಅಂದ್ರು. ಚಾ ಕೊಟ್ರು, ಕುಡಿದು ಬಂದೆ.

ಹೊಸ ಕಾಗದ ಮೊನ್ನೆ ಬಂತು. ಲ್ಯಾಮಿನೇಶನ್ ಮಾಡಿಸಿ, ಗಾಡಿಯ ತಗಡಿಗೆ ಮೊಳೆ ಹೊಡೆದು ಕಾಕನೇ ನೇತು ಹಾಕಿದ್ರು, ಕೊಟ್ಟೂರೇಶ್ವರನ ಫೋಟೊ ಪಕ್ಕ, ಎಣ್ಣೆ ಸಿಡಿಯದಷ್ಟು ಮೇಲೆ.

#ಹರಪನಹಳ್ಳಿ #ನಮ್ಮೂರಇತಿಹಾಸ #ಮಿರ್ಚಿಮಂಡಕ್ಕಿ